ಹೆಂಚಿನ ಮನೆ ತಗಡಿನ ದೋಣಿ ಜಾಯಿಂಟಲ್ಲಿ ಸೋರ್ತಿದೆ, ಪೂರ್ತಿ ತೆಗ್ಸಿ ಪಿವಿಸಿ ಹಾಕ್ಸೋದಾ?

ಈಗ್ಲೇ ಪೂರ್ತಿ ಕೀಳಿಸ್ಬೇಡಿ. ತೀರ್ಥಹಳ್ಳಿ ಕಡೆ ಮನೆ, ಮಾಡಿನ ಅಂಚಲ್ಲಿ ಮಳೆನೀರು ಹಿಡಿಯೋ ಜಿಐ (ಸತು ಲೇಪದ ಕಬ್ಬಿಣ) ತಗಡಿನ ದೋಣಿ, ಹೋದ್ವರ್ಷ ಜಾಯಿಂಟಿಗೆಲ್ಲ ಎಪಾಕ್ಸಿ ಅಂಟು ಮೆತ್ತಿಸಿದ್ರೂ ಈ ಮಳೆಗೆ ಮತ್ತೆ ಶುರುವಾಗಿದೆ ಅಂದ್ರಲ್ಲ, ಅದು ಜಾಯಿಂಟಿಂದ ಸೋರ್ತಿದ್ಯಾ ಇಲ್ಲ ದೋಣಿ ತುಂಬಿ ಹಿಂದಿನಿಂದ ಚೆಲ್ತಿದ್ಯಾ ಅಂತ ಮೊದ್ಲು ನೋಡಿ. ನಮ್ಮದೂ ಶೃಂಗೇರಿ ಹತ್ರ ಹೆಂಚಿನ ಮನೆನೇ, ನಮ್ಮ ಕಡೆ ಸೋರ್ತಿದೆ ಅನ್ನೋ ಎಷ್ಟೋ ದೋಣಿಗೆ ತೂತೇ ಇರಲ್ಲ.

ಮಳೆ ಬಿಟ್ಟಾಗ ಕಸ ತೆಗ್ದು ಎತ್ತರದ ತುದಿಯಿಂದ ಒಂದೆರಡು ಕೊಡ ನೀರು ಸುರೀರಿ. ನೀರು ಹೋದ್ಮೇಲೂ ಮಧ್ಯ ಎಲ್ಲಾದ್ರೂ ನಿಂತಿದ್ರೆ ಅಲ್ಲಿ ಕ್ಲಾಂಪ್ ಜಗ್ಗಿದೆ ಅಂತ ಅರ್ಥ, 10 ಅಡಿಗೆ ಅರ್ಧ ಇಂಚಾದ್ರೂ ಇಳಿಜಾರು ಬೇಕು, ಕ್ಲಾಂಪ್ ಎರಡು ಎರಡೂವರೆ ಅಡಿಗೊಂದು ಪಕಾಸಿಗೇ (ಮಾಡಿನ ಇಳಿಜಾರು ಮರಕ್ಕೆ) ಹೊಡ್ದಿರ್ಬೇಕು. ಲೆಕ್ಕ ಹಾಕಿ, 1000 ಚದರಡಿ ಮಾಡಿನ ಮೇಲೆ ಬರೀ 1 ಸೆಂಟಿಮೀಟರ್ ಮಳೆ ಬಿದ್ರೂ 900 ಲೀಟರ್ ಮೇಲೆ ನೀರಾಗುತ್ತೆ, ನಮ್ಮ ಕಡೆ ಮಳೆಗೆ ಇಳಿಯೋ ಪೈಪಿನ ಬಾಯಲ್ಲಿ ಒಂದು ಮುಷ್ಟಿ ಎಲೆ ಸಿಕ್ಕಿದ್ರೂ ಸಾಕು ದೋಣಿ ಉಕ್ಕೋಕೆ. (ಪೈಪಿನ ಬಾಯಿಗೆ ಜಾಲರಿ ಹಾಕಿ ಅಂತಾರೆ, ಆಮೇಲೆ ವಾರಕ್ಕೊಂದ್ಸಲ ಆ ಜಾಲರಿ ಮೇಲಿನ ಪಾಚಿ ತೆಗೆಯೋರು ಯಾರು ಅಂತ ಮಾತ್ರ ಹೇಳಲ್ಲ.)

ಜಾಯಿಂಟೇ ಸೋರ್ತಿದ್ರೆ ಮತ್ತೆ ಎಪಾಕ್ಸಿ ಬೇಡ. ಅದು ಒಣಗಿದ್ಮೇಲೆ ಕಲ್ಲಿನ ಥರ, ತಗಡು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತೆ, ಅಂಚು ಬಿಟ್ಕೊಳ್ಳುತ್ತೆ. ಹಳೇದನ್ನ ಕೆರೆದು ವೈರ್ ಬ್ರಷ್ ಹಾಕಿ, ಪೂರ್ತಿ ಒಣಗಿಸಿ, ತುಕ್ಕು ಇರೋ ಕಡೆ ಪ್ರೈಮರ್ ಹೊಡೀರಿ, ಆಮೇಲೆ ಎರಡು ತಗಡಿನ ನಡುವೆ ಪಿಯು ಸೀಲೆಂಟ್ (ಒಣಗಿದ್ಮೇಲೂ ರಬ್ಬರಿನ ಥರ ಬಗ್ಗೋ ಪಾಲಿಯುರೆಥೇನ್ ಅಂಟು) ಹಾಕಿ ರಿವೆಟ್ ಹೊಡೆಸಿ. ಎತ್ತರದ ಕಡೆ ತಗಡು ಮೇಲೆ ಬರ್ಬೇಕು, ಇದನ್ನ ಕೆಲಸದೋರ ಪಕ್ಕ ನಿಂತು ನೋಡಿ. ಸಿಲಿಕೋನ್ ಸೀಲೆಂಟೇ ಸಿಕ್ಕೋದಾದ್ರೆ ನ್ಯೂಟ್ರಲ್ ಕೇಳಿ, ವಿನೆಗರ್ ಥರ ಹುಳಿ ವಾಸನೆ ಬರೋದು ಜಿಐ ಮೇಲಿನ ಸತುವಿನ ಲೇಪ ತಿನ್ನುತ್ತೆ. ತಳ ಹೆಬ್ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗೋ ಅಷ್ಟು ತುಕ್ಕಾಗಿದ್ರೆ ಆ ತುಂಡು ಬದಲಾಯಿಸ್ಲೇಬೇಕು, ಸಣ್ಣ ತೂತಿಗೆ ಒಳಗಿಂದ ಬ್ಯೂಟೈಲ್ ಟೇಪ್ (ಅಂಟೋ ರಬ್ಬರ್ ಪಟ್ಟಿ) ಸಾಕು.

ಪಿವಿಸಿಗೆ ತುಕ್ಕಿಲ್ಲ ನಿಜ, ಆದ್ರೆ ಅದು ತಗಡಿಗಿಂತ ಜಾಸ್ತಿ ಹಿಗ್ಗುತ್ತೆ. 20 ಅಡಿ ಪೀಸು 30 ಡಿಗ್ರಿ ವ್ಯತ್ಯಾಸಕ್ಕೆ ಹತ್ತಿರ ಹತ್ತಿರ 1 ಸೆಂಟಿಮೀಟರ್ ಉದ್ದ ಆಗುತ್ತೆ, ಅದಕ್ಕೆ ಜಾಗ ಬಿಡ್ದೆ ಎರಡೂ ಕಡೆ ಅಂಟಿಸ್ಬಿಟ್ರೆ ಎರಡ್ಮೂರು ಬೇಸಿಗೆಗೆ ಬಿರುಕು. ನಿಮ್ಮಲ್ಲಿ ಮಂಗನ ಕಾಟ ಇದ್ರಂತೂ ಕೇಳೋದೇ ಬೇಡ, ತಗಡಾದ್ರೆ ಬಗ್ಗುತ್ತೆ, ಬಿಸಿಲಿಗೆ ಒಣಗಿದ ಪಿವಿಸಿ ಒಡ್ದೇ ಹೋಗುತ್ತೆ.

ಇದೆಲ್ಲ ಏಪ್ರಿಲ್ ಮೇ ಕೆಲಸ, ಒದ್ದೆ ತಗಡಿಗೆ ಈಗ ಏನೂ ಸರಿಯಾಗಿ ಅಂಟಲ್ಲ. ಸದ್ಯಕ್ಕೆ ಕಸ ತೆಗ್ಸಿ, ಜಗ್ಗಿದ ಕ್ಲಾಂಪ್ ಎತ್ತಿ ಕಟ್ಟಿ, ಸೋರೋ ಜಾಯಿಂಟ್ ಕೆಳಗೆ ಒಂದು ಅಡಿಕೆ ಹಾಳೆ ಬಿಗಿದು ನೀರು ಗೋಡೆಗೆ ತಾಗದೆ ಅಂಗಳಕ್ಕೆ ಬೀಳೋ ಹಾಗೆ ಮಾಡ್ಕೊಳಿ. ಏಣಿಯಿಂದಲೇ ಮಾಡಿ, ಪಾಚಿ ಕಟ್ಟಿದ ಹೆಂಚು ಹತ್ಬೇಡಿ.