ಮರಗಸಿಯಲ್ಲಿ ಬಿದ್ದ ಗಾಯ: ಶೇ. 20ರ ವಾದಕ್ಕೆ ಉತ್ತರ
2023ರಲ್ಲಿ ಮೂಡಿಗೆರೆಯ ತೋಟದಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಬಿದ್ದು ಕಾಲು ಮುರಿದುಕೊಂಡ ನಿಮ್ಮ ತಂದೆಗೆ ಆದ ನಷ್ಟ ಶೇ. 20 ಮಾತ್ರ ಎಂದು ವಿಮಾ ಕಂಪನಿ ವಾದಿಸುತ್ತಿರುವುದಕ್ಕೆ, ವೈದ್ಯರ ಪ್ರಮಾಣಪತ್ರವು ದೇಹದ ಊನವನ್ನಷ್ಟೇ ಅಳೆದು, ಗಳಿಕೆಯ ಸಾಮರ್ಥ್ಯ ಎಷ್ಟು ಕುಗ್ಗಿತೆಂಬುದನ್ನು ಹೇಳದಿರುವುದೇ ಬಹುಶಃ ಕಾರಣ. ಅಪಘಾತವಾದಾಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ (ಯಾವ ಗಾಯಕ್ಕೆ ಶೇಕಡಾ ಎಷ್ಟು ನಷ್ಟವೆಂಬ ಪಟ್ಟಿಯಲ್ಲಿ) ಇಲ್ಲದ ಗಾಯಕ್ಕೆ ಪರಿಹಾರ ನಿರ್ಧಾರವಾಗುವುದು ಈ ಗಳಿಕೆ ನಷ್ಟದ ಮೇಲೆಯೇ. ಮೊದಲು ಮರಗಸಿಯ ಏಣಿ, ಹಗ್ಗ, ಮರದ ಎತ್ತರ ಎಲ್ಲವನ್ನೂ ವಿವರಿಸಿ ಅದೇ ವೈದ್ಯರಿಂದ ಗಳಿಕೆ ನಷ್ಟದ ಪ್ರಮಾಣವನ್ನು ಬರೆಸಿ. ಬಳಿಕ ಅವರನ್ನು ಸಾಕ್ಷಿಯಾಗಿ ಕರೆಸಲು ವಕೀಲರಿಗೆ ಹೇಳಿ. ಎಡಗೈ ಕಳೆದುಕೊಂಡ ಬಡಗಿಯ ನಷ್ಟ ಶೇ. 100 ಎಂಬುದನ್ನು ಸುಪ್ರೀಂ ಕೋರ್ಟ್ 1975ರಲ್ಲಿ ಒಪ್ಪಿದೆ, ಅದನ್ನು ಉಲ್ಲೇಖಿಸಿ. ಆದರೆ ತಂದೆಯವರು ಕುಳಿತು ಮಾಡುವ ಕೆಲಸ ಮಾಡಬಲ್ಲರೆಂದು ಕಂಡುಬಂದರೆ ಅಷ್ಟು ಸಿಗಲಿಕ್ಕಿಲ್ಲ. ಪರಿಹಾರದ ಆದೇಶದ ನಂತರ 60 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದಾದರೂ ಅಲ್ಲಿ ಕಾನೂನಿನ ಮಹತ್ವದ ಪ್ರಶ್ನೆಗೆ ಮಾತ್ರ ಅವಕಾಶವಿರುವುದರಿಂದ, ಸಾಕ್ಷ್ಯವನ್ನು ದಯವಿಟ್ಟು ಈಗಲೇ ಪೂರ್ಣಗೊಳಿಸಿ.