ಸ್ಥಳೀಯ ಕಲೆಗೆ ಹಾಕಿದ ಸಾರ್ವಜನಿಕ ಹಣ ಯಾವಾಗ ಫಲ ಕೊಡುತ್ತದೆ?

ನಿಮ್ಮ ಪ್ರಶ್ನೆ ಇದು: ಸ್ಥಳೀಯ ಆಡಳಿತಗಳು ಕಲೆ, ಸಂಸ್ಕೃತಿಗೆಂದು ಹಣ ತೆಗೆದಿಡುತ್ತವೆ, ಒಂದು ಕಡೆ ಅದರಿಂದ ನಿಜಕ್ಕೂ ಏನೋ ಬೆಳೆಯುತ್ತದೆ, ಇನ್ನೊಂದು ಕಡೆ ನಾಲ್ಕೈದು ವರ್ಷದಲ್ಲಿ ಗುರುತೂ ಉಳಿಯುವುದಿಲ್ಲ. ಏಕೆ? ಅನುದಾನದ ಅರ್ಜಿ ಓದುವ ಸಮಿತಿಯಲ್ಲಿ ಕೂತು, ಕೊಟ್ಟ ಹಣ ಮುಂದೆ ಏನಾಯಿತೆಂದು ಬೆನ್ನುಹತ್ತಿ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಆ ಹಣದಿಂದ ಕಲಾವಿದರಿಗೆ ಸಮಯ ಸಿಕ್ಕರೆ ಫಲ ಸಿಗುತ್ತದೆ. ಸಿಮೆಂಟು ಮತ್ತು ಮೂರು ದಿನದ ವೇದಿಕೆ ಅಲಂಕಾರಕ್ಕೇ ಅದು ಮುಗಿದುಹೋದರೆ ಬಹುಮಟ್ಟಿಗೆ ಸಿಗುವುದಿಲ್ಲ.

ಸಮಯ ಅಂದಿದ್ದಕ್ಕೆ ಕಾರಣವಿದೆ. ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು ಪ್ರದರ್ಶನ ಕಲೆಗಳ ಹಣಕಾಸನ್ನು ಅಧ್ಯಯನ ಮಾಡಿ 1966ರಲ್ಲಿ ಒಂದು ವಾದ ಮುಂದಿಟ್ಟರು. ಯಂತ್ರ ಸುಧಾರಿಸಿದಂತೆ ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ಗಂಟೆಗೆ ತಯಾರಿಸುವ ಸರಕು ಹೆಚ್ಚುತ್ತದೆ, ಅದರ ಬೆನ್ನಿಗೇ ಕೂಲಿಯೂ ಏರುತ್ತದೆ. ನಾಲ್ವರು ಕೂತು ನುಡಿಸಬೇಕಾದ ಬೀಥೋವನ್‌ನ ಕೃತಿಗೆ ಮಾತ್ರ ಇನ್ನೂರು ವರ್ಷದ ಹಿಂದೆ ನಾಲ್ವರು ಬೇಕಿತ್ತು, ಈಗಲೂ ನಾಲ್ವರೇ ಬೇಕು. ಬೇಗ ನುಡಿಸಿ ಮುಗಿಸಿದರೆ ಉಳಿತಾಯವೇನೂ ಆಗದು, ಸಂಗೀತ ಕೆಡುತ್ತದೆ ಅಷ್ಟೇ. ಆದರೆ ಆ ನಾಲ್ವರ ಮನೆ ಬಾಡಿಗೆ, ಮಕ್ಕಳ ಶಾಲೆ ಎಲ್ಲವೂ ಉಳಿದವರ ಕೂಲಿಯ ಜೊತೆಗೇ ದುಬಾರಿಯಾಗುತ್ತಾ ಹೋಗುತ್ತವೆ.

ಇದನ್ನು ಆಡಳಿತ ನಡೆಸುವವರು ಅರ್ಥಮಾಡಿಕೊಂಡರೆ ಅರ್ಧ ಸಮಸ್ಯೆ ಕರಗುತ್ತದೆ. ವರ್ಷ ವರ್ಷವೂ ಅದೇ ಮೊತ್ತ ಕೊಡುವುದೆಂದರೆ ಸದ್ದಿಲ್ಲದೆ ಕಡಿತ ಮಾಡುವುದೆಂದೇ ಅರ್ಥ. ಆಗ ತಂಡ ಮೊದಲು ಕೈಬಿಡುವುದು ತಾಲೀಮನ್ನು. ಆಮೇಲೆ ಹಿಮ್ಮೇಳದ ಒಬ್ಬರನ್ನು. ಆಮೇಲೆ ಹೊಸ ಪ್ರಯೋಗವನ್ನು. ಹಳೆಯ ಪ್ರದರ್ಶನವೇ ಮತ್ತೆ ಮತ್ತೆ ಬರುತ್ತಿದ್ದರೂ ವರದಿಯಲ್ಲಿ ಪ್ರದರ್ಶನಗಳ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಕೆಲಸ ಸೊರಗಿದ್ದು ಹೊರಗಿನವರಿಗೆ ಕಾಣುವ ಹೊತ್ತಿಗೆ ಆ ತಂಡದಲ್ಲಿ ಕಲಿತವರು ಬೇರೆ ಉದ್ಯೋಗ ಹಿಡಿದಿರುತ್ತಾರೆ, ಅವರು ಮರಳುವುದು ಅಪರೂಪ.

ಕಟ್ಟಡಗಳ ವಿಚಾರ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಜನಪ್ರಿಯ ಸಂಗೀತಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರವನ್ನು ಸುಮಾರು 1.5 ಕೋಟಿ ಪೌಂಡ್ ವೆಚ್ಚದಲ್ಲಿ ಕಟ್ಟಿದರು, ಅದರಲ್ಲಿ ದೊಡ್ಡ ಪಾಲು ಲಾಟರಿ ನಿಧಿಯದು. ವರ್ಷಕ್ಕೆ 4 ಲಕ್ಷ ಜನ ಬರುತ್ತಾರೆಂಬ ಲೆಕ್ಕಾಚಾರವಿತ್ತು. 1999ರ ಮಾರ್ಚ್‌ನಲ್ಲಿ ತೆರೆದ ಕೇಂದ್ರ 2000ದಲ್ಲೇ ಬಾಗಿಲು ಹಾಕಿತು; ಆ ಕಟ್ಟಡ ಕೊನೆಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಪಾಲಾಯಿತು. ಇಂಥ ಯೋಜನೆಗಳ ಪರವಾಗಿ ಎಲ್ಲರೂ ಸ್ಪೇನಿನ ಬಿಲ್ಬಾವೊ ಎಂಬ ಊರಿನ ಗುಗ್ಗೆನ್‌ಹೈಮ್ ಕಲಾ ಸಂಗ್ರಹಾಲಯದ ಹೆಸರು ಹೇಳುತ್ತಾರೆ. ಹೌದು, 1997ರಲ್ಲಿ ತೆರೆದ ಅದು ಗೆದ್ದಿತು. ಆದರೆ ಅದೇ ಕಾಲಕ್ಕೆ ಆ ಊರು ಮೆಟ್ರೊ ಹಾಕಿತ್ತು, ನದಿ ಶುದ್ಧೀಕರಣಕ್ಕೆ ಕೈಹಾಕಿತ್ತು, ಬಂದರಿನ ಕೆಲಸವನ್ನು ಊರೊಳಗಿನಿಂದ ಸಮುದ್ರದ ಕಡೆಗೆ ಸರಿಸುತ್ತಿತ್ತು. ಇಷ್ಟೆಲ್ಲವನ್ನೂ ಬದಿಗಿಟ್ಟು ಬರೀ ಹೊಳೆಯುವ ಕಟ್ಟಡವನ್ನು ನಕಲು ಮಾಡಿದವರಿಗೆ ಆ ಫಲ ಸಿಗಲಿಲ್ಲ ಎಂದರೆ ಆಶ್ಚರ್ಯವಿಲ್ಲ.

ನನಗೆ ಬಹಳ ಇಷ್ಟವಾದ ಮಾದರಿ ಬ್ರೆಜಿಲ್‌ನದು. ಸಂಗೀತಗಾರ ಜಿಲ್ಬರ್ಟೊ ಜಿಲ್ ಅಲ್ಲಿ ಸಂಸ್ಕೃತಿ ಸಚಿವರಾಗಿದ್ದಾಗ, 2004ರಲ್ಲಿ, 'ಕುಲ್ತುರಾ ವೀವಾ' ಎಂಬ ಕಾರ್ಯಕ್ರಮ ಶುರುವಾಯಿತು. ಸರ್ಕಾರ ತಾನೇ ಕೇಂದ್ರಗಳನ್ನು ಕಟ್ಟಲು ಹೋಗಲಿಲ್ಲ. ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಆಗಲೇ ತಮ್ಮ ಪಾಡಿಗೆ ಕುಣಿತ, ನಾಟಕ, ವಾದ್ಯ ಕಲಿಸುತ್ತಿದ್ದ ಗುಂಪುಗಳನ್ನು ಬಹಿರಂಗ ಆಹ್ವಾನದ ಮೂಲಕ ಆಯ್ದು, 'ಸಂಸ್ಕೃತಿ ಬಿಂದು' ಎಂದು ಮಾನ್ಯ ಮಾಡಿ, ಹಲವು ವರ್ಷಗಳ ಅವಧಿಗೆ ಹಣ ಕೊಟ್ಟಿತು. ಜೊತೆಗೆ ತಮ್ಮ ಕೆಲಸವನ್ನು ತಾವೇ ದಾಖಲಿಸಿಕೊಳ್ಳಲು ಉಪಕರಣಗಳು, ಮುಕ್ತ ತಂತ್ರಾಂಶ. ಏನು ಆಡಬೇಕು, ಏನು ಹಾಡಬೇಕು ಎಂಬ ತೀರ್ಮಾನ ಆ ಗುಂಪುಗಳದ್ದೇ. ಜೀವ ಇರುವಲ್ಲಿಗೇ ಹಣ ಹೋಯಿತು. ಅದಕ್ಕೇ ಅದು ಹಬ್ಬಿತು.

ಎಡವಿದ್ದು ಎಲ್ಲಿ ಗೊತ್ತೇ? ಲೆಕ್ಕಪತ್ರದಲ್ಲಿ. ದೊಡ್ಡ ಸಂಸ್ಥೆಗಳಿಗೆಂದು ಬರೆದ ನಿಯಮಗಳನ್ನು ಐದಾರು ಜನರ ಗುಂಪಿನ ಮೇಲೆ ಹೇರಿದಾಗ, ಪ್ರಾಮಾಣಿಕರೂ ಕಾಗದ ಹೊಂದಿಸಲಾರದೆ ಸಿಕ್ಕಿಬಿದ್ದರು. ಕಂತುಗಳು ತಡವಾದವು. ಕೊನೆಗೆ 2014ರಲ್ಲಿ ಆ ಕಾರ್ಯಕ್ರಮಕ್ಕೆ ಕಾನೂನಿನ ಬಲ ಕೊಟ್ಟು, ಲೆಕ್ಕ ಒಪ್ಪಿಸುವ ಕ್ರಮವನ್ನು ಸರಳ ಮಾಡಿದರು. 2019ರಲ್ಲಿ ಅಲ್ಲಿ ಸಂಸ್ಕೃತಿ ಸಚಿವಾಲಯವನ್ನೇ ಮುಚ್ಚಲಾಯಿತು, 2023ರಲ್ಲಿ ಮತ್ತೆ ತೆರೆಯಿತು. ಒಬ್ಬ ಸಚಿವರ ಉತ್ಸಾಹವನ್ನಷ್ಟೇ ನಂಬದೆ ಕಾನೂನು ಮಾಡಿಟ್ಟುಕೊಂಡದ್ದರ ಬೆಲೆ ಅಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಕಂತಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ಪ್ರದರ್ಶನ ಮುಗಿಸಿ, ರಸೀದಿ ಸಲ್ಲಿಸಿ, ಆಮೇಲೆ ಹಣ ಪಡೆಯಿರಿ ಎನ್ನುವ ಅನುದಾನ ಊಟಕ್ಕಿಲ್ಲದ ಉಪ್ಪಿನಕಾಯಿ. ಕೈಯಿಂದ ಹಾಕಿಕೊಳ್ಳಲು ಇರುವವರು ಮಾತ್ರ ಅರ್ಜಿ ಹಾಕುತ್ತಾರೆ. ಅರ್ಧದಷ್ಟಾದರೂ ಮುಂಗಡ ಸಿಗಬೇಕು, ಸಣ್ಣ ಮೊತ್ತಕ್ಕೆ ಎರಡು ಪುಟದ ಅರ್ಜಿ ಸಾಕಾಗಬೇಕು.

ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರು ಯಾರು ಎನ್ನುವುದು ಇನ್ನೂ ನಾಜೂಕಾದ ವಿಷಯ. ಅಮೆರಿಕದಲ್ಲಿ 1935ರಲ್ಲಿ ಶುರುವಾದ ಫೆಡರಲ್ ಥಿಯೇಟರ್ ಪ್ರಾಜೆಕ್ಟ್ ನಿರುದ್ಯೋಗಿ ನಟರಿಗೆ, ತಂತ್ರಜ್ಞರಿಗೆ ಸಾವಿರಾರು ಸಂಖ್ಯೆಯಲ್ಲಿ ಕೆಲಸ ಕೊಟ್ಟಿತು. ನಾಟಕಗಳಲ್ಲಿ ಕಮ್ಯುನಿಸ್ಟ್ ವಾಸನೆಯಿದೆ ಎಂಬ ಆರೋಪದ ನಡುವೆ 1939ರಲ್ಲಿ ಸಂಸತ್ತು ಅದರ ಹಣವನ್ನೇ ನಿಲ್ಲಿಸಿತು. ಬ್ರಿಟನ್ನಿನಲ್ಲಿ 1946ರಲ್ಲಿ ಸ್ಥಾಪನೆಯಾದ ಆರ್ಟ್ಸ್ ಕೌನ್ಸಿಲ್ ಬೇರೆ ದಾರಿ ಹಿಡಿಯಿತು: ಹಣ ಸರ್ಕಾರದ್ದು, ಆಯ್ಕೆ ಸ್ವತಂತ್ರ ಮಂಡಳಿಯದು. ಇದರ ಹಿಂದೆ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಇದ್ದರು. ನಾನು ಈ ವ್ಯವಸ್ಥೆಯ ಪರ. ಆದರೂ ತಜ್ಞರ ಮಂಡಳಿ ತನ್ನ ಅಭಿರುಚಿಯವರನ್ನೇ ಪೋಷಿಸುವ ಅಪಾಯ ಸಣ್ಣದಲ್ಲ. ಅದೇ ಕೌನ್ಸಿಲ್ 1950ರ ದಶಕದಲ್ಲಿ ತನ್ನ ಪ್ರಾದೇಶಿಕ ಕಚೇರಿಗಳನ್ನು ಮುಚ್ಚಿತು, ಹಣದ ಒಲವು ಲಂಡನ್ನಿನ ದೊಡ್ಡ ಸಂಸ್ಥೆಗಳ ಕಡೆಗಿತ್ತು. ಹಾಗಾಗಿ ಸದಸ್ಯರು ಎರಡು ಮೂರು ವರ್ಷಕ್ಕೆ ಬದಲಾಗಬೇಕು, ತಮ್ಮವರ ಅರ್ಜಿ ಬಂದಾಗ ಎದ್ದು ಹೊರಗೆ ಹೋಗಬೇಕು, ತಿರಸ್ಕರಿಸಿದ್ದಕ್ಕೆ ಕಾರಣ ಬರೆದು ಕೊಡಬೇಕು. ಕೊನೆಯದನ್ನು ಕಡ್ಡಾಯ ಮಾಡಿದ ಕಡೆ ಚರ್ಚೆಯ ಗುಣಮಟ್ಟವೇ ಬದಲಾದದ್ದನ್ನು ನಾನು ಕಂಡಿದ್ದೇನೆ.

ಅಳೆಯುವುದು ಹೇಗೆ ಎಂದೂ ಕೇಳಿದ್ದೀರಿ. ಐರ್ಲೆಂಡ್ 2022ರಲ್ಲಿ 2,000 ಕಲಾವಿದರನ್ನು ಅರ್ಹರ ಪಟ್ಟಿಯಿಂದ ಲಾಟರಿ ಎತ್ತಿ ಆಯ್ದು, ವಾರಕ್ಕೆ 325 ಯೂರೊ ಮೂಲ ಆದಾಯ ಕೊಡತೊಡಗಿತು. ಸಿಗದಿದ್ದ ಇನ್ನೊಂದು ಗುಂಪಿನೊಂದಿಗೆ ಹೋಲಿಸಿ ನೋಡಿದಾಗ, ಹಣ ಸಿಕ್ಕವರು ಕಲೆಗೆ ಹೆಚ್ಚು ಗಂಟೆ ಕೊಟ್ಟದ್ದು, ಅವರ ಆತಂಕ ತಗ್ಗಿದ್ದು ಕಂಡಿತು. 2025ರಲ್ಲಿ ಬಂದ ವಿಶ್ಲೇಷಣೆಯ ಅಂದಾಜು, ಹಾಕಿದ ಪ್ರತಿ 1 ಯೂರೊಗೆ ಸಮಾಜಕ್ಕೆ 1.39 ಯೂರೊ ಪ್ರಯೋಜನ. ಇಂಥ ಲೆಕ್ಕ ಬಜೆಟ್ ಸಭೆಯಲ್ಲಿ ಉಪಯೋಗಕ್ಕೆ ಬರುತ್ತದೆ, ಬಳಸಿಕೊಳ್ಳಿ. ನಾನು ಹೆಚ್ಚು ನಂಬುವುದು ಮಾತ್ರ ಐದನೆಯ ವರ್ಷದ ಪಟ್ಟಿಯನ್ನು: ಮೊದಲ ವರ್ಷ ಹಣ ಪಡೆದವರಲ್ಲಿ ಎಷ್ಟು ಜನ ಈಗಲೂ ಕೆಲಸ ಮಾಡುತ್ತಿದ್ದಾರೆ, ಎಷ್ಟು ಮಂದಿಗೆ ಸಂಭಾವನೆ ಸಿಕ್ಕಿತು, ಅವರ ಕೈಕೆಳಗೆ ಯಾರು ಕಲಿತರು.

ನಿಮ್ಮ ಆಡಳಿತದ ಬಜೆಟ್ ಪ್ರತಿ ಸಿಕ್ಕರೆ ಎರಡು ಸಾಲು ಹುಡುಕಿ. ಒಂದು, ಕಟ್ಟಡವಿದ್ದರೆ ಅದರ ಪಕ್ಕದಲ್ಲಿ ಮುಂದಿನ ಹತ್ತು ವರ್ಷದ ನಿರ್ವಹಣೆ ಮತ್ತು ಕಾರ್ಯಕ್ರಮದ ಹಣ ಬರೆದಿದ್ದಾರೆಯೇ. ಎರಡು, ತಾಲೀಮಿಗೆ ಹಣ ಕೇಳಲು ಅನುದಾನದ ನಿಯಮದಲ್ಲಿ ಅವಕಾಶವಿದೆಯೇ. ಇಲ್ಲದಿದ್ದರೆ, ಮುಂದಿನ ಸಾರ್ವಜನಿಕ ಸಭೆಯಲ್ಲಿ ನೀವು ಎತ್ತಬೇಕಾದ ಪ್ರಶ್ನೆಗಳು ಇವೇ.