ಸಿರಿಂಜಿಂಗ್‌ನಲ್ಲಿ ನೀರು ಇಳಿದರೂ ಕಣ್ಣು ಸೋರುತ್ತಿದ್ದರೆ ಡಿಸಿಆರ್ ಫೇಲ್ ಆದ ಹಾಗಾ?
ಅಮ್ಮನಿಗೆ ಡಿಸಿಆರ್ (ಕಣ್ಣೀರು ಮೂಗಿಗೆ ಇಳಿಯಲು ಹೊಸ ದಾರಿ ಮಾಡುವ ಆಪರೇಷನ್) ಆಗಿ ಐದು ತಿಂಗಳು, ಆ ದಾರಿ ಮುಚ್ಚದಿರಲಿ ಅಂತ ಇಟ್ಟಿದ್ದ ಟ್ಯೂಬ್ ತೆಗೆದು ಎರಡು ತಿಂಗಳು. ಸಿರಿಂಜಿಂಗ್ ಮಾಡಿ 'ದಾರಿ ಓಪನ್ ಇದೆ' ಅಂದರು, ಆದರೂ ಕಣ್ಣೀರು ನಿಂತಿಲ್ಲ ಅಂತ ಬರೆದಿದ್ದೀರಿ. ನಾನು ಡಾಕ್ಟರಲ್ಲ. ಆದರೆ ನನ್ನ ಎಡಗಣ್ಣಿನ ಕತೆಯೂ ಹೆಚ್ಚುಕಮ್ಮಿ ಇದೇ.

ಫೇಲ್ ಅಂತ ಈಗಲೇ ಅಂದುಕೊಳ್ಳಬೇಡಿ. ದಾರಿ ತೆರೆದಿದೆ ಅನ್ನುವುದು ಒಂದು ಮಾತು, ಕಣ್ಣೀರು ತಾನಾಗಿ ಆ ದಾರಿ ಹಿಡಿಯುತ್ತಿದೆ ಅನ್ನುವುದು ಇನ್ನೊಂದು. ಸಿರಿಂಜಿಂಗ್ ಹೇಳುವುದು ಮೊದಲನೆಯದನ್ನು ಮಾತ್ರ. ಮರಗಟ್ಟುವ ಡ್ರಾಪ್ಸ್ ಹಾಕಿ, ರೆಪ್ಪೆಯ ಮೂಗಿನ ಕಡೆ ತುದಿಯಲ್ಲಿ ಸಾಸಿವೆಗಿಂತಲೂ ಸಣ್ಣದಾಗಿರುವ ತೂತಿಗೆ ಮೊಂಡು ಸೂಜಿ ಇಟ್ಟು ಸಲೈನ್ ಒತ್ತುತ್ತಾರೆ. 'ಗಂಟಲಿಗೆ ಉಪ್ಪುಪ್ಪು ಬಂತಾ?' ಅಂತ ಕೇಳುತ್ತಾರೆ. ಬಂತು ಅಂದರೆ ಮುಗೀತು, ಫೈಲಲ್ಲಿ ಬರೆದು ಕಳಿಸುತ್ತಾರೆ. ನನ್ನನ್ನು ಎರಡು ಸಲ ಹೀಗೇ ಕಳಿಸಿದರು.

ಆದರೆ ಕಣ್ಣೀರನ್ನು ಯಾರೂ ಸಿರಿಂಜಲ್ಲಿ ಒತ್ತುವುದಿಲ್ಲವಲ್ಲ. ರೆಪ್ಪೆ ಬಡಿದಾಗ ಆಗುವ ಸಣ್ಣ ಎಳೆತವೇ ಅದಕ್ಕೆ ಪಂಪು. ಬಚ್ಚಲಿಗೆ ಒಂದು ಬಕೆಟ್ ನೀರು ರಭಸವಾಗಿ ಸುರಿದರೆ ಗೊಳಕ್ ಅಂತ ಇಳಿದುಬಿಡುತ್ತದೆ. ನಲ್ಲಿ ಸಣ್ಣಗೆ ಬಿಟ್ಟರೆ ಅದೇ ತೂಬಿನ ಹತ್ತಿರ ನೀರು ನಿಲ್ಲುತ್ತದೆ, ನೋಡಿರುತ್ತೀರಿ.

ಹಾಗಾಗಿ ಡೈ ಟೆಸ್ಟ್ ಬಗ್ಗೆ ಕೇಳಿ. ಫ್ಲೋರೆಸಿನ್ ಅನ್ನುವ ಹಳದಿ ಬಣ್ಣವನ್ನು ಎರಡೂ ಕಣ್ಣಿಗೆ ಹಾಕಿ 5 ನಿಮಿಷ ಸುಮ್ಮನೆ ಕೂರಿಸುತ್ತಾರೆ. ಒರೆಸಿಕೊಳ್ಳುವ ಹಾಗಿಲ್ಲ. ಆಮೇಲೆ ನೀಲಿ ಬೆಳಕಲ್ಲಿ ನೋಡುತ್ತಾರೆ, ಉಳಿದ ಬಣ್ಣ ಆಗ ಹಸಿರಾಗಿ ಹೊಳೆಯುತ್ತದೆ. ಡಾಕ್ಟರು ಫೋಟೋ ತೆಗೆದು ನನಗೂ ತೋರಿಸಿದರು: ಬಲಗಣ್ಣು ಹೆಚ್ಚುಕಮ್ಮಿ ಖಾಲಿ. ಎಡಗಣ್ಣಿನ ಕೆಳರೆಪ್ಪೆಯ ಅಂಚಿಗೆ ಮಾತ್ರ ದಪ್ಪ ಹಸಿರು ಗೆರೆ, ರೇಡಿಯಂ ಹಾಗೆ ಹೊಳೆಯುತ್ತಿತ್ತು. ನೀರು ಅಲ್ಲೇ ನಿಂತಿತ್ತು.

ಆಪರೇಷನ್ ಆದವರಿಗೆ ಮೂಗಿನೊಳಗೆ ಎಂಡೋಸ್ಕೋಪ್ (ಒಳಗೆ ನೋಡುವ ತೆಳು ಕೊಳವೆ) ಬಿಟ್ಟೂ ನೋಡಬಹುದು. ಹೊಸ ತೂತು ಮೂಗಿನ ಒಳಗೋಡೆಯಲ್ಲೇ ಇರುವುದರಿಂದ ಅದು ಎಷ್ಟು ಅಗಲ ಇದೆ, ಬಣ್ಣ ಅಲ್ಲಿಗೆ ಬರುತ್ತಾ ಅಂತ ಕಣ್ಣಾರೆ ಕಾಣುತ್ತದೆ. ಚೆನ್ನಾಗಿ ಕೆಲಸ ಮಾಡುವ ದಾರಿಯಲ್ಲಿ ಒಂದು ನಿಮಿಷದೊಳಗೆ ಬಣ್ಣ ಇಳಿಯುತ್ತದೆ. ನನ್ನ ತೂತು ಅಗಲವಾಗಿಯೇ ಇತ್ತು, ಬಣ್ಣ ಬರಲೇ ಇಲ್ಲ. ಕೊನೆಗೆ ನೋಡಿದರೆ ತಪ್ಪು ರೆಪ್ಪೆಯದು! ವಯಸ್ಸಿಗೆ ಕೆಳರೆಪ್ಪೆ ಸಡಿಲಾಗಿ, ಆ ಸಾಸಿವೆ ತೂತು ಹೊರಕ್ಕೆ ತಿರುಗಿತ್ತು. ಕಣ್ಣೀರಿಗೆ ಬಾಗಿಲೇ ಸಿಗುತ್ತಿರಲಿಲ್ಲ. ರೆಪ್ಪೆ ಬಿಗಿ ಮಾಡುವ ಸಣ್ಣ ಆಪರೇಷನ್ ಆದ ಮೇಲೆ ಕರ್ಚೀಫು ಬಿಟ್ಟೆ.

ನಿಮ್ಮ ಅಮ್ಮನದೂ ಇದೇ ಅಂತ ಹೇಳುತ್ತಿಲ್ಲ. ಕಣ್ಣು ಒಣಗಿದರೂ ಉರಿಗೆ ನೀರು ಜಾಸ್ತಿ ಬರುತ್ತದೆ. ಒಳಕ್ಕೆ ಬೆಳೆದ ರೆಪ್ಪೆಕೂದಲು ಚುಚ್ಚಿದರೂ, ಅಲರ್ಜಿ ಇದ್ದರೂ ಹಾಗೇ.

ಮನೆಯಲ್ಲೇ ಎರಡು ವಿಷಯ ಗಮನಿಸಿ. ಕ್ಲೋರಂಫೆನಿಕಾಲ್‌ನಂಥ ಕಹಿ ಡ್ರಾಪ್ಸ್ ಹಾಕುತ್ತಿದ್ದರೆ, ಸ್ವಲ್ಪ ಹೊತ್ತಲ್ಲಿ ಗಂಟಲಿಗೆ ಕಹಿ ಬರುತ್ತಾ ಅಂತ ಕೇಳಿ. ಬಂದರೆ ಒಳ್ಳೆಯದೇ. ಸೀನುವಾಗ ಕಣ್ಣಿನ ಮೂಲೆಯಿಂದ ಪುಸ್ ಅಂತ ಗಾಳಿ ಬಂದರೂ ಹೆದರಬೇಡಿ, ದಾರಿ ತೆರೆದಿದೆ ಅಂತ ಅರ್ಥ. ಆದರೆ ಮೂಗಿನ ಪಕ್ಕ ಮತ್ತೆ ಊದಿ ಕೆಂಪಾದರೆ, ಅಥವಾ ತನ್ನಿಂತಾನೇ ಗೀಜು, ಕೀವು ಬರತೊಡಗಿದರೆ ಯಾವ ಟೆಸ್ಟಿಗೂ ಕಾಯದೆ ಅವತ್ತೇ ತೋರಿಸಿ.

ಹಾಂ, ಡೈ ಟೆಸ್ಟಿಗೆ ಹೋಗುವಾಗ ಅಮ್ಮನಿಗೆ ಒಳ್ಳೆ ಸೀರೆ ಬೇಡ. ನನ್ನ ಬಿಳಿ ಶರ್ಟಿನ ಕಾಲರ್ ಹಳದಿಯಾಗಿತ್ತು.